ಮೂಳೆಯಿಲ್ಲದ ಮೈಯ ಅಚ್ಚು

ಪಳೆಯುಳಿಕೆ ಎಂದರೆ ಮೂಳೆ, ಚಿಪ್ಪು ಎಂದೇ ತುಂಬಾ ಜನ ತಿಳಿದಿದ್ದಾರೆ. ಆದರೆ ಕೋಟ್ಯಂತರ ವರ್ಷಗಳ ಹಿಂದೆ ಕಡಲ ತಳದಲ್ಲಿದ್ದ ಡಿಕಿನ್‌ಸೋನಿಯಾ ಎಂಬ ಜೀವಿಗೆ ಎರಡೂ ಇರಲಿಲ್ಲ. ಚಪ್ಪಟೆ ಮೈ, ನಡುವೆ ಒಂದು ಗೆರೆ, ಆಚೀಚೆ ಸೀರೆ ನೆರಿಗೆಯಂಥ ಸಾಲುಗಳು. ದೊಡ್ಡವು ಒಂದು ಮೀಟರ್ ದಾಟುತ್ತವೆ. ಬಾಯಿಯ ಗುರುತೇ ಇಲ್ಲ! 1946ರಲ್ಲಿ ರೆಜ್ ಸ್ಪ್ರಿಗ್ ಎಂಬ ಭೂವಿಜ್ಞಾನಿ ದಕ್ಷಿಣ ಆಸ್ಟ್ರೇಲಿಯಾದ ಈಡಿಯಾಕರಾ ಬೆಟ್ಟಗಳಲ್ಲಿ ಹಳೇ ಗಣಿ ನೋಡಲು ಹೋದಾಗ ಇಂಥ ಮೆತ್ತನೆ ಜೀವಿಗಳ ಅಚ್ಚುಗಳು ಕಣ್ಣಿಗೆ ಬಿದ್ದವು.

ಕೊಳೆತು ಹೋಗಬೇಕಾದ ಮೈ ಕಲ್ಲಿನಲ್ಲಿ ಉಳಿದದ್ದು ಹೇಗೆ? ನನಗೆ ತುಂಬಾ ಇಷ್ಟವಾಗುವ ಭಾಗ ಇದು. ಆಗಿನ ಕಡಲ ತಳದ ಮೇಲೆ ಸೂಕ್ಷ್ಮಜೀವಿಗಳ ಲೋಳೆ ಹಾಸಿತ್ತು, ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಕಟ್ಟುವ ಪಾಚಿಯ ಹಾಗೆ. ಪ್ರಾಣಿ ಅದರ ಮೇಲೆ ಮಲಗಿತ್ತು. ಬಿರುಗಾಳಿ ಬಂತು, ಮೇಲೆ ಮರಳು ಸುರಿಯಿತು. ಮೈ ಕೊಳೆಯುವ ಮೊದಲೇ ಮರಳಿನ ಅಡಿ ಬಿಗಿಯಾಯಿತು. ಬಿಗಿದದ್ದು ಪೈರೈಟ್ ಎಂಬ ಖನಿಜವೋ ಸಿಲಿಕಾ ಎಂಬ ಖನಿಜವೋ ಎಂಬ ವಾದ ಇನ್ನೂ ನಡೆದಿದೆ. ಹಸಿ ಸಿಮೆಂಟಿನ ಮೇಲೆ ಬಿದ್ದ ಹಲಸಿನ ಎಲೆ ನೋಡಿದ್ದೀರಲ್ವಾ? ಎಲೆ ಹೋದರೂ ನರಗಳ ಗೆರೆ ಉಳಿಯುತ್ತದೆ. ಇದೂ ಹಾಗೇ, ಆದರೆ ಇಲ್ಲಿ ಸಿಮೆಂಟು ಮೇಲಿನಿಂದ ಬಿದ್ದಿದೆ. ಅದಕ್ಕೇ ದಕ್ಷಿಣ ಆಸ್ಟ್ರೇಲಿಯಾದ್ದೇ ಆದ ನಿಲ್ಪೀನಾ ಎಂಬಲ್ಲಿ ಮರಳುಗಲ್ಲಿನ ಚಪ್ಪಡಿಗಳನ್ನು ಎತ್ತಿ, ದೋಸೆಯಂತೆ ಮಗುಚಿ ಹಾಕಿ, ಅಡಿಭಾಗ ನೋಡುತ್ತಾರೆ.

ಸರಿ, ಅಚ್ಚು ಸಿಕ್ಕಿತು. ಅದು ಪ್ರಾಣಿಯದೇ ಎಂದು ಹೇಳುವುದು ಹೇಗೆ? ಕಲ್ಲುಹೂವು ಎಂದವರಿದ್ದರು, ದೈತ್ಯ ಏಕಕೋಶಜೀವಿ ಎಂದವರೂ ಇದ್ದರು. ಉತ್ತರ ಸಿಕ್ಕಿದ್ದು 2018ರಲ್ಲಿ. ರಷ್ಯಾದ ಶ್ವೇತ ಸಮುದ್ರದ ದಂಡೆಯ ಡಿಕಿನ್‌ಸೋನಿಯಾಗಳ ಮೇಲೆ ತೆಳ್ಳನೆಯ ಕರಿ ಪೊರೆ ಉಳಿದಿತ್ತು. ಇಲ್ಯಾ ಬೊಬ್ರೊವ್‌ಸ್ಕಿ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಕೊಲೆಸ್ಟರಾಲಿನ, ಅಂದರೆ ಪ್ರಾಣಿಗಳ ಮೈಯಲ್ಲಿ ಹೆಚ್ಚಾಗಿರುವ ಕೊಬ್ಬಿನ, ಅವಶೇಷ. ಸುತ್ತಲಿನ ಕಲ್ಲಿನಲ್ಲಿ ಜಾಸ್ತಿ ಇದ್ದದ್ದು ಪಾಚಿಯ ಕೊಬ್ಬು. ನಮ್ಮ ರಕ್ತಪರೀಕ್ಷೆಯ ಚೀಟಿಯಲ್ಲಿ ಬರುವ ಅದೇ ಕೊಲೆಸ್ಟರಾಲು, 55.8 ಕೋಟಿ ವರ್ಷ ಹಳೆಯದು!

ಬರೀ ಆಕಾರ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಮಧ್ಯಪ್ರದೇಶದ ಭೀಮಬೇಟ್ಕಾದ ಗುಹೆಯೊಂದರಲ್ಲಿ ಡಿಕಿನ್‌ಸೋನಿಯಾ ಸಿಕ್ಕಿದೆ ಎಂದು 2021ರಲ್ಲಿ ಪ್ರಕಟವಾಯಿತು. ಪತ್ರಿಕೆಗಳಲ್ಲೆಲ್ಲ ದೊಡ್ಡ ಸುದ್ದಿ. ಆಮೇಲೆ ಬೇರೊಂದು ತಂಡ ಹೋಗಿ ಹತ್ತಿರದಿಂದ ನೋಡಿತು. ಆ ಗುರುತು ಆಗಲೇ ಕಲ್ಲಿನಿಂದ ಸುಲಿದು ಬರುತ್ತಿತ್ತು. ಪಕ್ಕದಲ್ಲೇ ಜೇನುಗೂಡುಗಳಿದ್ದವು. ಕಳಚಿಬಿದ್ದ ಹಳೇ ಗೂಡಿನ ಕಲೆ ಅದು ಎಂದು ಅವರು 2023ರಲ್ಲಿ ಬರೆದರು. ಮೊದಲ ತಂಡದವರೂ ತಮ್ಮ ತಪ್ಪನ್ನು ಒಪ್ಪಿಕೊಂಡರು.