ನೋವು ಭುಜದಲ್ಲಿ, ಕಾರಣ ಆಕ್ಸಲ್‌ನಲ್ಲಿ

ಮಂಡಿ ನೋಯುವ ಓಟಗಾರನಿಗೆ ನಾಲ್ಕು ವಾರ ಓಡಬೇಡ ಎನ್ನಬಹುದು. ಗಾಲಿಕುರ್ಚಿಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವವರ ಭುಜಕ್ಕೆ ಅಂಥ ರಜೆಯಿಲ್ಲ. ಅಂಗಳದಿಂದ ಹೊರಬಂದ ಮೇಲೂ ಕುರ್ಚಿ ತಳ್ಳಬೇಕು, ಹಾಸಿಗೆಗೆ ದಾಟಬೇಕು, ಆಟೋ ಹತ್ತಬೇಕು. ಹಾಗಾಗಿ ಸ್ಕ್ಯಾನಿಂಗ್‌ಗೆ ಓಡುವ ಮೊದಲು ಕುರ್ಚಿಯನ್ನು ನೋಡಿ. ಆಟದ್ದಕ್ಕಿಂತ ಮೊದಲು ದಿನಬಳಕೆಯದನ್ನು.

ಭುಜದ ಕೀಲಿನ ಬಟ್ಟಲಿಗೆ ಆಳವಿಲ್ಲ. ತೋಳಿನ ಮೂಳೆಯ ಗುಂಡನ್ನು ಅದರ ನಡುವೆ ಹಿಡಿದಿಡುವುದು ರೊಟೇಟರ್ ಕಫ್‌ನ 4 ಸ್ನಾಯುಗಳು. ರಿಮ್ (ಗಾಲಿಯ ಹೊರಬದಿಯಲ್ಲಿ ಕೈಯಿಂದ ತಳ್ಳುವ ಬಳೆ) ತಳ್ಳಿ ತಳ್ಳಿ ಎದೆಯ ಸ್ನಾಯುಗಳು ಬಲಿಯುತ್ತವೆ, ಬೆನ್ನ ಕಡೆಯವು ಸೊರಗುತ್ತವೆ. ಗುಂಡು ಮುಂದಕ್ಕೂ ಮೇಲಕ್ಕೂ ಸರಿದು, ಮೇಲಿನ ಎಲುಬಿನ ಕಮಾನಿನಡಿ ಸ್ನಾಯುರಜ್ಜು ಸಿಕ್ಕಿಕೊಂಡು ಉಜ್ಜತೊಡಗುತ್ತದೆ.

ಈಗ ಅಳತೆ. ನೆಟ್ಟಗೆ ಕೂತು ತೋಳು ಇಳಿಬಿಟ್ಟರೆ ನಡುಬೆರಳಿನ ತುದಿ ಹಿಂದಿನ ಗಾಲಿಯ ಆಕ್ಸಲ್ (ಗಾಲಿ ತಿರುಗುವ ಅಚ್ಚು) ಮುಟ್ಟಬೇಕು. ರಿಮ್‌ನ ನೆತ್ತಿಯ ಮೇಲೆ ಕೈಯಿಟ್ಟಾಗ ಮೊಣಕೈ 100ರಿಂದ 120 ಡಿಗ್ರಿ ಇರಬೇಕು. ಆಕ್ಸಲ್ ತೀರ ಹಿಂದಿದ್ದರೆ ಭಾರವೆಲ್ಲ ಮುಂದಿನ ಪುಟ್ಟ ಚಕ್ರಗಳ ಮೇಲೆ ಬಿದ್ದು ಪ್ರತಿ ತಳ್ಳಿಗೂ ಹೆಚ್ಚು ಬಲ ಬೇಕು. ಒಂದೊಂದೇ ರಂಧ್ರ ಮುಂದಕ್ಕೆ ತನ್ನಿ; ಹಿಂದೆ ಮಗುಚದಂತೆ ತಡೆಚಕ್ರ ಹಾಕಿಯೇ ಪರೀಕ್ಷಿಸಿ. ಎರಡೂ ಕಾಲು ತೊಡೆಯಿಂದ ಇಲ್ಲದವರಿಗೆ ಈ ಲೆಕ್ಕ ತಿರುಗುಮುರುಗು: ಅವರ ತೂಕ ಮೊದಲೇ ಹಿಂದಿರುವುದರಿಂದ ಆಕ್ಸಲ್ ಹಿಂದೆಯೇ ಇರಲಿ. ಆಸ್ಪತ್ರೆ ಮಾದರಿಯ ಮಡಚುವ ಕುರ್ಚಿಗಳಲ್ಲಿ ಸಾಮಾನ್ಯವಾಗಿ ಆಕ್ಸಲ್ ಜರುಗುವುದೇ ಇಲ್ಲ. ಆಟಗಾರರಿಗೆ ಅಂಥದ್ದನ್ನು ದಾನ ಕೊಡುವುದು ಉಪಕಾರವೇ ಅಲ್ಲ. ಟೈರಿನ ಗಾಳಿಯನ್ನೂ ವಾರಕ್ಕೊಮ್ಮೆ ನೋಡಿ.

ತಳ್ಳು ಉದ್ದವಾಗಿ, ನಯವಾಗಿ ಇರಲಿ. ಬಿಟ್ಟ ಕೈ ರಿಮ್‌ಗಿಂತ ಕೆಳಗಿಳಿದು ಅರ್ಧವೃತ್ತದಲ್ಲಿ ಹಿಂದೆ ಬರಲಿ.

ಒತ್ತಡದ ಹುಣ್ಣು ತಪ್ಪಿಸಲು ಎರಡೂ ಕೈ ಊರಿ ಮೈ ಎತ್ತುವ ಅಭ್ಯಾಸ ಹಲವರಿಗಿದೆ. ಭುಜಕ್ಕೆ ಅದು ದುಬಾರಿ. ಕೂರುವ ಜಾಗಕ್ಕೆ ರಕ್ತ ಮರಳಲು ಸುಮಾರು 2 ನಿಮಿಷ ಬೇಕು. ಅಷ್ಟು ಹೊತ್ತು ಕೈ ಮೇಲೆ ಯಾರು ನಿಂತಾರು? ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಗೂರಿ, ಇಲ್ಲವೇ ಪಕ್ಕಕ್ಕೆ ಒರಗಿ. ಹಾಸಿಗೆಗೆ ದಾಟುವಾಗ ಜಾರುಹಲಗೆ ಬಳಸಿ, ಊರಿದ ಕೈ ಮೈಗೆ ಹತ್ತಿರವಿರಲಿ, ಮುಂದಿಡುವ ಕೈಯನ್ನು ಬದಲಿಸುತ್ತಿರಿ.

ವ್ಯಾಯಾಮ ವಾರಕ್ಕೆ 3 ದಿನ, ಕುರ್ಚಿಗೆ ಬ್ರೇಕ್ ಹಾಕಿ. ಮೊಣಕೈ ಮತ್ತು ಪಕ್ಕೆಯ ನಡುವೆ ಸುತ್ತಿದ ಟವೆಲ್ ಇಟ್ಟು, ವ್ಯಾಯಾಮದ ರಬ್ಬರ್ ಬ್ಯಾಂಡನ್ನು ಹೊರಕ್ಕೆ ಎಳೆಯಿರಿ: 15 ಸಲದಂತೆ 3 ಸುತ್ತು. ಬೆನ್ನಿನ ರೆಕ್ಕೆಮೂಳೆಗಳನ್ನು ಹಿಂದಕ್ಕೆ ಕೂಡಿಸುವ ಎಳೆತವೂ ಅಷ್ಟೇ. ಟವೆಲ್ ಬಿದ್ದರೆ ಬ್ಯಾಂಡ್ ಬಿಗಿಯಾಯಿತೆಂದೇ ಅರ್ಥ. ಕೊನೆಗೆ ಎದೆಯ ಸ್ನಾಯುಗಳನ್ನು 30 ಸೆಕೆಂಡ್ ಹಿಗ್ಗಿಸಿ. ಜಿಮ್‌ನಲ್ಲಿ ಬೆಂಚ್ ಪ್ರೆಸ್ ಹೆಚ್ಚಿಸುವುದು ಇರುವ ಅಸಮತೋಲವನ್ನೇ ಬೆಳೆಸುತ್ತದೆ.

ಕಫ್ ಹರಿದು ಹೊಲಿಗೆ ಹಾಕಿಸಿಕೊಂಡರೆ ಆ ಕೈ ಮೇಲೆ ಹಲವು ವಾರ ಭಾರ ಹಾಕುವಂತಿಲ್ಲ. ಎಂದರೆ ಮಲಗುವುದಕ್ಕೂ ಶೌಚಕ್ಕೂ ಇನ್ನೊಬ್ಬರು ಬೇಕು. ಆ ಏರ್ಪಾಡು ಮೊದಲು, ಶಸ್ತ್ರಚಿಕಿತ್ಸೆಯ ದಿನಾಂಕ ಆಮೇಲೆ. ಬೆನ್ನುಹುರಿ ಗಾಯವಾದವರಲ್ಲಿ ನೋವಿನ ಜೊತೆಗೆ ಕೈ ಹೊಸದಾಗಿ ಜೋಮು ಹಿಡಿದರೆ, ಮುಷ್ಟಿಯ ಹಿಡಿತ ಸಡಿಲವಾದರೆ, ಬಿಸಿ-ತಣ್ಣನೆ ತಿಳಿಯದಾದರೆ ವ್ಯಾಯಾಮ ನಿಲ್ಲಿಸಿ. ಅದು ಹುರಿಯೊಳಗೆ ದ್ರವದ ಗುಳ್ಳೆ ಬೆಳೆಯುತ್ತಿರುವ ಸೂಚನೆಯಾಗಿರಬಹುದು. ನರವೈದ್ಯರು ತಡಮಾಡದೆ ನೋಡಬೇಕು.