ಒಗ್ಗಟ್ಟೊಂದಿದ್ದರೆ ವ್ಯಾಪಾರ ಉಳಿಯುತ್ತಾ?

ಪ್ರಶ್ನೆ: ಯುದ್ಧ, ಸುಂಕ, ಗಡಿ ಗಲಾಟೆ ಏನೇ ಬಂದರೂ ಹೊರದೇಶದಲ್ಲಿ ನೆಲೆಸಿದ ಕೆಲವು ವ್ಯಾಪಾರಿ ಸಮುದಾಯಗಳು ಮತ್ತೆ ಎದ್ದು ನಿಲ್ಲುತ್ತವೆ. ಅವರ ಒಗ್ಗಟ್ಟೇ ಇದಕ್ಕೆ ಕಾರಣವಾ?

ಉತ್ತರ: ಒಗ್ಗಟ್ಟು ಬೇಕು, ಆದರೆ ಅದೊಂದೇ ಸಾಲದು. ಒಗ್ಗಟ್ಟಿದ್ದೂ ಮುಳುಗಿದವರಿದ್ದಾರೆ. ಬಂಡವಾಳ ಎಷ್ಟು ಊರುಗಳಲ್ಲಿ ಹಂಚಿಹೋಗಿತ್ತು ಅನ್ನೋದನ್ನು ಮೊದಲು ಕೇಳಬೇಕು.

ಸಿಂಧಿ ವ್ಯಾಪಾರಿಗಳನ್ನೇ ನೋಡಿ. ಇವರ ಊರು ಹೈದರಾಬಾದ್. ನಮ್ಮ ಪಕ್ಕದ್ದಲ್ಲ, ಸಿಂಧ್ ಪ್ರಾಂತ್ಯದ್ದು. 1843ರಲ್ಲಿ ಬ್ರಿಟಿಷರು ಸಿಂಧ್ ಗೆದ್ದ ಮೇಲೆ ಅಲ್ಲಿನ ಕುಸುರಿ ಸಾಮಾನು ಹೊತ್ತು ಮುಂಬೈಗೆ ಬಂದರು. ಆಮೇಲೆ ಈಜಿಪ್ಟ್, ಜಪಾನ್, ಪನಾಮಾವರೆಗೂ ಅಂಗಡಿ ತೆರೆದರು. ಮಾಲೀಕ ಹೈದರಾಬಾದಿನಲ್ಲೇ ಕೂತು, ಊರಿನ ಹುಡುಗರನ್ನು ಎರಡೂವರೆ–ಮೂರು ವರ್ಷದ ಕರಾರಿನ ಮೇಲೆ ಹಡಗು ಹತ್ತಿಸುತ್ತಿದ್ದ. ಹುಡುಗ ಲೆಕ್ಕದಲ್ಲಿ ಮೋಸ ಮಾಡಿದರೆ ಸುದ್ದಿ ಸೀದಾ ಅಪ್ಪನ ಮನೆಗೆ ಬರುತ್ತಿತ್ತು. ನಂಬಿಕೆ ಅಂತ ನಾವು ಕರೆಯೋದರಲ್ಲಿ ಇಂಥ ಹೆದರಿಕೆಯೂ ಸ್ವಲ್ಪ ಇರುತ್ತೆ, ಅಲ್ವಾ?

1923ರ ಸೆಪ್ಟೆಂಬರ್ 1ರಂದು ಮಧ್ಯಾಹ್ನದ ಹೊತ್ತಿಗೆ ಜಪಾನಿನಲ್ಲಿ ಭೂಕಂಪವಾಯಿತು. ಯೊಕೊಹಾಮಾ ಊರೇ ಸುಟ್ಟುಹೋಯಿತು. ಅಲ್ಲಿ ರೇಷ್ಮೆ ಕೊಳ್ಳುತ್ತಿದ್ದ ಭಾರತೀಯರು ಕೋಬೆಗೆ ಹೋಗಿ ವ್ಯಾಪಾರ ಮುಂದುವರಿಸಿದರು. ರೇಷ್ಮೆ ವಹಿವಾಟು ಕೈತಪ್ಪುತ್ತಲ್ಲ ಅಂತ ಯೊಕೊಹಾಮಾದವರೇ ಇವರನ್ನು ವಾಪಸ್ ಕರೆದರು. ಆ ಉಪಕಾರ ನೆನೆದು, ಸತ್ತ ತಮ್ಮವರ ನೆನಪಿಗೂ ಅಂತ, ಭಾರತೀಯರು 1939ರಲ್ಲಿ ಯಮಶಿತಾ ಪಾರ್ಕಿನಲ್ಲಿ ಗುಮ್ಮಟವಿರುವ ಒಂದು ನೀರಿನ ಮಂಟಪ ಕಟ್ಟಿಸಿದರು. ನಮ್ಮ ಅರವಟ್ಟಿಗೆ ಇದ್ದ ಹಾಗೆ. ಇವತ್ತಿಗೂ ಇದೆ.

1947ರಲ್ಲಿ ಇನ್ನೂ ದೊಡ್ಡ ಪೆಟ್ಟು ಬಿತ್ತು. ಹೈದರಾಬಾದ್ ಪಾಕಿಸ್ತಾನಕ್ಕೆ ಸೇರಿತು, ಮುಖ್ಯ ಕಚೇರಿಯೇ ಹೋಯಿತು. ಆದರೆ ಹೊರಗಿನ ಅಂಗಡಿಗಳು ನಡೆಯುತ್ತಲೇ ಇದ್ದವು. ಮುಂಬೈ, ಹಾಂಗ್‌ಕಾಂಗ್‌ಗಳಲ್ಲಿ ಕೂತು ವ್ಯವಹಾರ ನಡೆಸಿದರು.

ಈಗ ಬರ್ಮಾದ (ಇಂದಿನ ಮ್ಯಾನ್ಮಾರ್) ಚೆಟ್ಟಿಯಾರರ ಕಡೆ ಬನ್ನಿ. ತಮಿಳುನಾಡಿನಿಂದ ಹೋಗಿ ಅಲ್ಲಿ ಬಡ್ಡಿಗೆ ಸಾಲ ಕೊಡುತ್ತಿದ್ದ ಸಮುದಾಯ ಇವರದ್ದು. ಒಗ್ಗಟ್ಟಿನಲ್ಲಿ ಇವರೇನೂ ಕಮ್ಮಿ ಇರಲಿಲ್ಲ. ರಂಗೂನಿನ ಮೊಗಲ್ ಬೀದಿಯ ದೇವಸ್ಥಾನದಲ್ಲಿ ಸೇರಿ ಬಡ್ಡಿ ದರವನ್ನೂ ಒಟ್ಟಿಗೇ ಗೊತ್ತು ಮಾಡುತ್ತಿದ್ದರು. 1930ರ ಸುಮಾರಿಗೆ ಅಕ್ಕಿ ಬೆಲೆ ಕುಸಿಯಿತು, ರೈತರಿಗೆ ಸಾಲ ತೀರಿಸಲು ಆಗಲಿಲ್ಲ. ದುಡ್ಡಿನ ಬದಲು ಗದ್ದೆಗಳು ಬಂದವು. ಆ ದಶಕ ಮುಗಿಯುವಷ್ಟರಲ್ಲಿ ಕೆಳ ಬರ್ಮಾದ ಸಾಗುವಳಿ ಭೂಮಿಯಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಇವರದ್ದೇ. ಬಂಡವಾಳದ ದೊಡ್ಡ ಪಾಲು ಒಂದೇ ದೇಶದ ಮಣ್ಣಿನಲ್ಲಿ ಸಿಕ್ಕಿಕೊಂಡಿತು. 1942ರಲ್ಲಿ ಜಪಾನಿ ಸೈನ್ಯ ಬಂತು. ಬರ್ಮಾ ಸ್ವತಂತ್ರವಾದ 1948ರಲ್ಲೇ ಭೂ ರಾಷ್ಟ್ರೀಕರಣ ಕಾನೂನೂ ಬಂತು. ಬಡ್ಡಿ ದರಕ್ಕೆ ಒಟ್ಟಿಗೆ ಕೂರುತ್ತಿದ್ದವರು ಪರಿಹಾರದ ಅರ್ಜಿಗೂ ಒಟ್ಟಿಗೇ ಕೂತರು.

ಹಾಗಂತ ಸಿಂಧಿಗಳೆಲ್ಲ ಸಲೀಸಾಗಿ ಪಾರಾದರು ಅಂದುಕೊಳ್ಳಬೇಡಿ. ಹೊರದೇಶದಲ್ಲಿ ಅಂಗಡಿ ಇದ್ದವರ ಕಥೆ ಇದು. ಊರಲ್ಲೇ ಅಂಗಡಿ, ಮನೆ ಇಟ್ಟುಕೊಂಡಿದ್ದ ಸಾವಿರಾರು ಜನ ಮುಂಬೈ ಹತ್ತಿರದ ಕಲ್ಯಾಣದ ಮಿಲಿಟರಿ ಬ್ಯಾರಕ್‌ಗಳಿಗೆ ಬಂದು ಸೇರಿದರು. ಆ ಶಿಬಿರವೇ ಈಗಿನ ಉಲ್ಹಾಸನಗರ.