ಕಲಿತಾಯಿತು, ಆದರೆ ಲೇಬರ್ ರೂಮಿನಲ್ಲಿ ಬದಲಾಯಿತಾ? ಹೆರಿಗೆ ವಿಭಾಗದ ನರ್ಸ್ ತರಬೇತಿ ಕುರಿತ ಟಿಪ್ಪಣಿ

ತರಬೇತಿ ಫಲಿಸಿತಾ ಎಂದು ಅಳೆಯುವ ಈ ಪಾಠದಲ್ಲಿ ನಾನು ಎರಡು ದಿನ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ತರಬೇತಿಯನ್ನು ಅಳೆಯಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಕೊಟ್ಟ ನಾಲ್ಕು ಹಂತಗಳು ಗೊತ್ತಲ್ವಾ? ತರಬೇತಿ ಹಿಡಿಸಿತಾ, ಕಲಿತರಾ, ಕೆಲಸದಲ್ಲಿ ಮಾಡುತ್ತಿದ್ದಾರಾ, ಫಲ ಸಿಕ್ಕಿತಾ. ಮೊದಲನೆಯದು, ಕೊನೆಯದು ಓದಿದರೇ ಅರ್ಥವಾಗುತ್ತವೆ. ನನ್ನ ತೊಡಕು ಎರಡು ಮತ್ತು ಮೂರರ ನಡುವೆ. ತರಬೇತಿಯ ಬೊಂಬೆಯ ಮೇಲೆ ತಪ್ಪಿಲ್ಲದೆ ಮಾಡಿ ತೋರಿಸಿದವರಿಗೆ ಕೆಲಸ ಮಾಡಲು ಬಂತು ಅಂತಲೇ ಅರ್ಥ ಅಲ್ವಾ? ಮತ್ತೆ ಮೂರನೆಯದು ಯಾಕೆ ಬೇರೆ?

ಗಂಟು ಬಿಡಿಸಿದ್ದು ಟಾಂಜಾನಿಯಾದ ಹೈಡಮ್ ಆಸ್ಪತ್ರೆಯ ಕಥೆ. ಹುಟ್ಟಿದ ಮಗು ಉಸಿರಾಡದಿದ್ದರೆ ಮೊದಲ ಒಂದು ನಿಮಿಷದಲ್ಲೇ ನೆರವಾಗುವುದನ್ನು ಅಲ್ಲಿ 2010ರಲ್ಲಿ ಒಂದು ದಿನ ಕಲಿಸಿದರು. ಏಳು ತಿಂಗಳಾದ ಮೇಲೂ ಬೊಂಬೆಯ ಮೇಲೆ ಸಿಬ್ಬಂದಿಯ ಕೈ ಮೊದಲಿಗಿಂತ ಚೆನ್ನಾಗಿತ್ತು. ನಿಜವಾದ ಹೆರಿಗೆಗಳಲ್ಲಿ ಮಾತ್ರ ಅದು ಕಾಣಲಿಲ್ಲ! ಆಮೇಲೆ ತರಬೇತಿಯನ್ನು ಕೆಲಸದ ಜಾಗಕ್ಕೇ ತಂದರು. ವಾರವಾರವೂ ಮೂರರಿಂದ ಐದು ನಿಮಿಷ ಅಭ್ಯಾಸ. ಹುಟ್ಟಿದ 24 ಗಂಟೆಯೊಳಗಿನ ಸಾವು 1000ಕ್ಕೆ 11.1 ಇದ್ದದ್ದು 7.2ಕ್ಕೆ ಇಳಿಯಿತು. ಈ ಸಂಖ್ಯೆ ಓದಿದಾಗ ನಿಜಕ್ಕೂ ಮೈ ಜುಮ್ ಎಂದಿತು.

ಸರಿ, ಬೊಂಬೆಯಿಂದ ಮಗುವಿನವರೆಗೆ ಬರುವಾಗ ಕಲಿತದ್ದು ಎಲ್ಲಿ ಸೋರಿಹೋಗುತ್ತದೆ? ಇಲ್ಲಿ ನಿಧಾನವಾಗಿ ಓದಿ. ಹೊಕ್ಕುಳಬಳ್ಳಿಯನ್ನೇ ತೆಗೆದುಕೊಳ್ಳಿ. ಮಗು ಚೆನ್ನಾಗಿ ಉಸಿರಾಡುತ್ತಿದ್ದರೆ ಕನಿಷ್ಠ ಒಂದು ನಿಮಿಷ ಕಾದು ಕ್ಲಾಂಪ್ (ಬಳ್ಳಿಯನ್ನು ಬಿಗಿಹಿಡಿಯುವ ಚಿಮುಟ) ಹಾಕಬೇಕು. ತರಬೇತಿಯಲ್ಲಿ ಎಲ್ಲರೂ ಸರಿಯಾಗಿ ಹೇಳುತ್ತಾರೆ. ಈಗ ಲೇಬರ್ ರೂಮ್ ನೆನಪಿಸಿಕೊಳ್ಳಿ. ಮಗು ಬಂತು. ಕ್ಲಾಂಪ್ ಟ್ರೇಯ ಅಂಚಿನಲ್ಲೇ ಇದೆ. ಹತ್ತು ವರ್ಷ ಮಗು ಬಂದ ತಕ್ಷಣ ಅದನ್ನೇ ಎತ್ತಿಕೊಂಡ ಕೈ ಇದು. ಪಕ್ಕದ ಮಂಚದಲ್ಲಿ ಇನ್ನೊಬ್ಬರಿಗೆ ನೋವು ಜಾಸ್ತಿಯಾಗಿದೆ. ಹಿರಿಯ ಸಿಸ್ಟರ್ ‘ಬೇಗ, ಬೇಗ’ ಎನ್ನುತ್ತಿದ್ದಾರೆ. ಕಾಯಬೇಕು ಎಂದು ತಲೆ ಹೇಳುವಷ್ಟರಲ್ಲಿ ಕೈ ಕ್ಲಾಂಪ್ ಹಾಕಿ ಮುಗಿಸಿರುತ್ತದೆ. ಆ ನರ್ಸ್‌ಗೆ ಗೊತ್ತಿಲ್ಲ ಅಂತಲ್ಲ. ಕೈಯ ರೂಢಿ, ಟ್ರೇ, ಹಿರಿಯರ ಮಾತು, ಈ ಮೂರೂ ಬೊಂಬೆಯ ಮುಂದೆ ಇರಲಿಲ್ಲ, ಅಷ್ಟೇ. ಮೂರನೇ ಹಂತ ಬೇರೆ ಆಗಿರುವುದು ಇದಕ್ಕೇ.

ಹಾಗಾಗಿ ಯಾವ ಹೊಸ ಕ್ರಮ ಓದಿದರೂ ನಾನೀಗ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕೈಗೆ ರೂಢಿ ಏನು? ವಸ್ತು ಎಲ್ಲಿದೆ? ಪಕ್ಕದಲ್ಲಿ ಯಾರಿದ್ದಾರೆ? ಉದಾಹರಣೆಗೆ, ಹೆರಿಗೆಯಾದ ಒಂದು ನಿಮಿಷದಲ್ಲಿ ತಾಯಿಗೆ ರಕ್ತಸ್ರಾವ ತಡೆಯುವ ಔಷಧ ಆಕ್ಸಿಟೋಸಿನ್ 10 ಯೂನಿಟ್ ಕೊಡಬೇಕು. ಔಷಧ ಇರುವುದು ಫ್ರಿಜ್‌ನಲ್ಲಿ. ಮಗು ಬಂದ ಮೇಲೆ ತರಲು ಹೊರಟರೆ ನಿಮಿಷ ಕಳೆದೇ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆಯ 29 ಅಂಶಗಳ ಸುರಕ್ಷಿತ ಹೆರಿಗೆ ಪಟ್ಟಿ ಅದನ್ನು ಸಿರಿಂಜ್‌ಗೆ ಎಳೆದು ಮಂಚದ ಪಕ್ಕ ಇಟ್ಟುಕೊಳ್ಳಲು ಹೇಳುವುದು ತಾಯಿ ಮುಕ್ಕುವ ಮೊದಲೇ. ವಸ್ತುವಿನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ವಾ?

ರಕ್ತಸ್ರಾವದ ವಿಷಯವೂ ಹೀಗೇ. ಕಣ್ಣಳತೆಯಲ್ಲಿ ಅಂದಾಜು ಮಾಡಿದರೆ ಕಡಿಮೆ ಎನಿಸಿಬಿಡುತ್ತದೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತರಬೇತಿಯ ಜೊತೆಗೆ, ತಾಯಿಯ ಕೆಳಗೆ ಹಾಸಿ ರಕ್ತ ಅಳೆಯುವ, ಅಳತೆಗೆರೆ ಇರುವ ಪ್ಲಾಸ್ಟಿಕ್ ಹಾಳೆಯನ್ನೂ ಕೊಟ್ಟರು. ಹಾಗೆ ಕೊಟ್ಟ ಕಡೆ ಅತಿ ರಕ್ತಸ್ರಾವದ ಪ್ರಕರಣಗಳಲ್ಲಿ ಪತ್ತೆಯಾದದ್ದು 93.1%, ಉಳಿದ ಕಡೆ 51.1%.

ಇನ್ನೊಂದು ಮಾತು, ಪರೀಕ್ಷೆಗೂ ಬೇಕು, ಕೆಲಸಕ್ಕೂ ಬೇಕು. ಮೂರನೇ ಹಂತ ದಾಟಿದರೆ ನಾಲ್ಕು ತಾನಾಗಿ ಬರುತ್ತದೆ ಅಂದುಕೊಳ್ಳಬೇಡಿ. ಉತ್ತರ ಪ್ರದೇಶದಲ್ಲಿ ಇದೇ ಸುರಕ್ಷಿತ ಹೆರಿಗೆ ಪಟ್ಟಿಯನ್ನು ಹಿಡಿದು ಎಂಟು ತಿಂಗಳು ನರ್ಸ್‌ಗಳ ಪಕ್ಕದಲ್ಲೇ ನಿಂತು ಹೇಳಿಕೊಟ್ಟರು. ನೋಡಿದ 18 ಕ್ರಮಗಳ ಪಾಲನೆ ಎರಡನೇ ತಿಂಗಳಲ್ಲಿ 72.8% ಇತ್ತು, ತರಬೇತುದಾರರು ಹೋದ ಮೇಲೆ ಹನ್ನೆರಡನೇ ತಿಂಗಳಿಗೆ 61.7%ಕ್ಕೆ ಇಳಿಯಿತು. ತರಬೇತಿ ಇಲ್ಲದ ಕಡೆಗಿಂತ ಆಗಲೂ ಅದು ಜಾಸ್ತಿಯೇ. ಆದರೆ ತಾಯಿ ಮಗುವಿನ ಸಾವಿನ ಪ್ರಮಾಣದಲ್ಲಿ ಎರಡೂ ಕಡೆಗಳ ನಡುವೆ ಹೇಳುವಂಥ ವ್ಯತ್ಯಾಸ ಬರಲಿಲ್ಲ.